ಕ್ಲೋರಿನ್‌ಗೆ ಉಕ್ಕಿನ ಸೆರೆ

ನೀರು ಶುದ್ಧೀಕರಣ ಘಟಕಗಳ ಷೆಡ್ಡಿನಲ್ಲಿ ಅಡ್ಡ ಮಲಗಿಸಿದ ದಪ್ಪನೆಯ ಹಳದಿ ಸಿಲಿಂಡರುಗಳಿರುತ್ತವೆ. ಅಲ್ಲಿನವರ ಬಾಯಲ್ಲಿ ಅದು ‘ಟನ್ನರ್’. ಒಂದೊಂದರಲ್ಲೂ ಸುಮಾರು 900 ಕೆ.ಜಿ. ದ್ರವ ಕ್ಲೋರಿನ್. ಸಿಲಿಂಡರ್ ಮಾತ್ರ ಬರೀ ಉಕ್ಕಿನದು. ಅನುಮಾನ ಬರಬೇಕಾದ್ದೇ ಇಲ್ಲಿ. ಕೆಂಪಗೆ ಕಾಯಿಸಿದ ಕಬ್ಬಿಣದ ಎಳೆಗಳನ್ನು ಕ್ಲೋರಿನ್ ತುಂಬಿದ ಜಾಡಿಗೆ ಇಳಿಸಿದರೆ ಧಗಧಗ ಉರಿದು ಕಂದು ಹೊಗೆ ಏಳುತ್ತದೆ. ಹಾಗಿದ್ದೂ ತನ್ನನ್ನೇ ಸುಡಬಲ್ಲ ಕ್ಲೋರಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಕ್ಕು ತಣ್ಣಗೆ ಮಲಗಿರುವುದು ಹೇಗೆ?

ಕ್ಲೋರಿನ್ ಪರಮಾಣುವಿನ ಹೊರಕವಚದಲ್ಲಿ ಏಳು ಇಲೆಕ್ಟ್ರಾನುಗಳು. ಎಂಟಾಗಲು ಒಂದು ಕಡಿಮೆ. ಆ ಒಂದಕ್ಕಾಗಿ ಅದು ಯಾರ ಮೇಲೆ ಬೇಕಾದರೂ ಬೀಳುತ್ತದೆ. ಆಂಟಿಮನಿ ಪುಡಿ ಉದುರಿಸಿದರೆ ಕಡ್ಡಿ ಗೀರದೆಯೇ ಕಿಡಿ ಹಾರುತ್ತದೆ. ಫ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳದ್ದೂ ಇದೇ ಹಸಿವು, ಜೋರು ಮಾತ್ರ ಬೇರೆ. ಜಲಜನಕವನ್ನು ಎದುರಿಗಿಟ್ಟರೆ ಗುಣ ಗೊತ್ತಾಗುತ್ತದೆ: ಫ್ಲೋರಿನ್ ಕತ್ತಲಲ್ಲೂ ಸಿಡಿಯುತ್ತದೆ, ಕ್ಲೋರಿನ್‌ಗೆ ಬಿಸಿಲು ಬೀಳಬೇಕು, ಬ್ರೋಮಿನ್ನನ್ನು ಕಾಯಿಸಬೇಕು. ಅಯೋಡಿನ್ ಕಾಯಿಸಿದರೂ ಅರೆಮನಸ್ಸಿನದು, ಕೂಡಿದ್ದರಲ್ಲಿ ಒಂದಷ್ಟು ಮತ್ತೆ ಬಿಡಿಸಿಕೊಳ್ಳುತ್ತದೆ.

ಉಕ್ಕಿನ ಗುಟ್ಟು ಇರುವುದು ತೇವದಲ್ಲಿ. ಪೂರ್ತಿ ಒಣಗಿಸಿದ ಕ್ಲೋರಿನ್ ಉಕ್ಕಿನ ಒಳಮೈ ಮೇಲೆ ಕಬ್ಬಿಣದ ಕ್ಲೋರೈಡಿನ ತೆಳು ಪೊರೆ ಕಟ್ಟಿ ಅಲ್ಲಿಗೇ ನಿಲ್ಲುತ್ತದೆ. ತಾನು ಕಟ್ಟಿದ ಗೋಡೆಯೇ ಅದಕ್ಕೆ ಅಡ್ಡ. (250 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾದರೆ ಈ ಗೋಡೆಯೂ ನಿಲ್ಲದು, ಉಕ್ಕೇ ಹೊತ್ತಿಕೊಳ್ಳುತ್ತದೆ.) ಒಳಗೆ ನೀರಿನ ಪಸೆ ಸೇರಿತೋ, ಕ್ಲೋರಿನ್ ಅದರೊಡನೆ ಕೂಡಿ ಹೈಡ್ರೋಕ್ಲೋರಿಕ್ ಮತ್ತು ಹೈಪೋಕ್ಲೋರಸ್ ಆಮ್ಲಗಳಾಗುತ್ತದೆ. ನಮ್ಮ ನಲ್ಲಿ ನೀರಿನ ರೋಗಾಣುಗಳನ್ನು ಕೊಲ್ಲುವುದು ಮುಖ್ಯವಾಗಿ ಎರಡನೆಯದು. ಆದರೆ ಸಿಲಿಂಡರಿನೊಳಗೆ ಎರಡೂ ಸೇರಿ ಪೊರೆ ಕರಗಿಸಿ ಉಕ್ಕನ್ನು ತಿನ್ನತೊಡಗುತ್ತವೆ.

ಟೈಟಾನಿಯಂ ಇದಕ್ಕೆ ತೀರಾ ಉಲ್ಟಾ. ತೇವದ ಕ್ಲೋರಿನ್‌ನಲ್ಲಿ ಅದಕ್ಕೆ ಏನೂ ಆಗದು, ಏಕೆಂದರೆ ಮೈಮೇಲಿನ ಆಕ್ಸೈಡ್ ಪೊರೆ ಹರಿದರೂ ನೀರಿನಿಂದ ಆಮ್ಲಜನಕ ಪಡೆದು ಮತ್ತೆ ಕೂಡಿಕೊಳ್ಳುತ್ತದೆ. ಒಣ ಕ್ಲೋರಿನ್‌ಗೆ ಸಿಕ್ಕರೆ ಕೋಣೆಯ ಉಷ್ಣತೆಯಲ್ಲೇ ಹೊತ್ತಿ ಉರಿಯಬಹುದು. ಹೆಚ್ಚು ಬೆಲೆಯ ಲೋಹವೇ ಹೆಚ್ಚು ಗಟ್ಟಿ ಅಂದುಕೊಂಡು ಒಣ ಕ್ಲೋರಿನ್ ಕೊಳವೆಗೆ ಟೈಟಾನಿಯಂ ಹಾಕಿದರೆ ಕಾದಿರುವುದು ಬೆಂಕಿ.

ತೇವ ಸೇರಿದ ಕ್ಲೋರಿನ್ ಉಕ್ಕನ್ನು ತಿನ್ನುವುದರಿಂದಲೇ ಸೋರುವ ಸಿಲಿಂಡರಿನ ತೂತಿಗೆ ನೀರು ಹಾಯಿಸಬಾರದು. ಹಾಯಿಸಿದರೆ ಅಲ್ಲೇ ಆಮ್ಲವಾಗಿ ತೂತು ದೊಡ್ಡದಾಗುತ್ತದೆ. ಎಲ್ಲಾದರೂ ಆ ಘಾಟು ಮೂಗಿಗೆ ಬಡಿದರೆ ತಗ್ಗಿನತ್ತ ಓಡಬೇಡಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಅದು ಹೋಗಿ ನಿಲ್ಲುವುದೂ ತಗ್ಗಿನಲ್ಲೇ.