ಬಟ್ಟಲು, ಚೆಂಡು ಮತ್ತು ಕೋಟಿಲ್ಲದ ಹುಡುಗ

ನಿವೃತ್ತಿಯ ನಂತರ ಕಡತಗಳಿಲ್ಲದೆ ಬರಿಗೈಯಾದವನಿಗೆ ಮೊಮ್ಮಕ್ಕಳೇ ಕೆಲಸ ಹಚ್ಚುತ್ತಾರೆ. ಹದಿನಾಲ್ಕರ ನನ್ನ ಮೊಮ್ಮಗ ಕಳೆದ ಬೇಸಿಗೆ ರಜೆಯಲ್ಲಿ ಮೂರು ಸ್ಟೀಲ್ ಲೋಟ, ಮೂರು ಪುಟ್ಟ ಚೆಂಡುಗಳನ್ನು ಮುಂದಿಟ್ಟುಕೊಂಡು ಡೈ ವರ್ನನ್ ಅವರ ಪ್ರಸಿದ್ಧ ಬಟ್ಟಲು-ಚೆಂಡಿನ ಆಟವನ್ನು ವಿಡಿಯೊ ನೋಡಿ ಕಲಿಯತೊಡಗಿದ. ಏಕೈಕ ಪ್ರೇಕ್ಷಕ ನಾನು. ಮೂರು ವಾರಗಳಲ್ಲಿ ಕೈಚಲನೆಗಳು ಬಂದವು, ಆಟ ಬರಲಿಲ್ಲ. ಕೊನೆಯಲ್ಲಿ ಬಟ್ಟಲುಗಳ ಅಡಿಯಿಂದ ನಿಂಬೆಹಣ್ಣುಗಳು ಪ್ರತ್ಯಕ್ಷವಾಗಬೇಕು. ಆದರೆ ಅವು ಅವನ ಚಡ್ಡಿಯ ಜೇಬಿನಲ್ಲಿ ಉಬ್ಬಿಕೊಂಡಿದ್ದುದು ನನಗೆ ಆರಂಭದಿಂದಲೇ ಕಾಣುತ್ತಿತ್ತು.

ತಪ್ಪು ಹುಡುಗನದೇ, ಗುರುವಿನದೇ? ಈ ಪ್ರಶ್ನೆ ಇಂದ್ರಜಾಲಕ್ಕಷ್ಟೇ ಸೀಮಿತವಲ್ಲ ಎಂದು ನನಗೆ ತೋರುತ್ತದೆ.

1894ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ವರ್ನನ್ ಅವರನ್ನು ಜಾದೂಗಾರರು ಇಂದಿಗೂ 'ಪ್ರೊಫೆಸರ್' ಎಂದೇ ಕರೆಯುತ್ತಾರೆ. ಯಾವ ಇಸ್ಪೀಟಿನ ಚಮತ್ಕಾರವನ್ನಾದರೂ ಮೂರು ಬಾರಿ ನೋಡಿದರೆ ಭೇದಿಸಬಲ್ಲೆನೆಂದು ಬೀಗುತ್ತಿದ್ದ ಹೂಡಿನಿಯನ್ನು 1922ರಲ್ಲಿ ಷಿಕಾಗೊದಲ್ಲಿ ಒಂದೇ ಆಟವನ್ನು ಮತ್ತೆ ಮತ್ತೆ ತೋರಿಸಿ ಸೋಲಿಸಿದವರು ಅವರು. ಅವರ ಬಟ್ಟಲು-ಚೆಂಡಿನ ವಿಧಾನವನ್ನು ಲೂಯಿಸ್ ಗ್ಯಾನ್ಸನ್ 1957ರ ತಮ್ಮ ಪುಸ್ತಕದಲ್ಲಿ ಹಂತಹಂತವಾಗಿ ದಾಖಲಿಸಿದರು. ಅಂದಿನಿಂದ ಅದು ಕಲಿಯುವವರ ಪಾಲಿಗೆ ಪಠ್ಯವೇ ಆಗಿದೆ.

ಆ ಪಠ್ಯದ ಸೊಗಸಿರುವುದು ಬೆರಳುಗಳ ಚುರುಕಿನಲ್ಲಲ್ಲ, ಕಾರಣಗಳ ಸರಪಳಿಯಲ್ಲಿ. ಕೈಯ ಪ್ರತಿ ಚಲನೆಗೂ ಸಹಜವಾದ ನೆವವೊಂದಿರಬೇಕೆಂಬುದು ವರ್ನನ್ ಅವರ ಮೂಲ ತತ್ತ್ವ. ಮುಷ್ಟಿ ಅನುಮಾನ ಹುಟ್ಟಿಸುತ್ತದೆ. ಅದೇ ಮುಷ್ಟಿಯಲ್ಲಿ ಮಂತ್ರದಂಡವಿದ್ದರೆ ಯಾರೂ ಕೇಳುವುದಿಲ್ಲ. ಆಟದ ಉತ್ತರಾರ್ಧದಲ್ಲಿ ಚೆಂಡೊಂದನ್ನು ಜೇಬಿಗೆ ಹಾಕುತ್ತಾರೆ, ಅದು ಬಟ್ಟಲಿನಡಿ ಮರಳಿ ಬರುತ್ತದೆ. ಮತ್ತೆ ಹಾಕುತ್ತಾರೆ, ಮತ್ತೆ ಬರುತ್ತದೆ. ಕೈ ಜೇಬಿಗೆ ಹೋಗುವುದು ಪ್ರೇಕ್ಷಕನಿಗೆ ರೂಢಿಯಾಗುತ್ತದೆ. ರೂಢಿಯಾದದ್ದನ್ನು ಯಾರೂ ನೋಡುವುದಿಲ್ಲ. ಅರ್ಥಶಾಸ್ತ್ರದಲ್ಲಿ ನಿರೀಕ್ಷೆಗಳ ಬಗ್ಗೆ ನಾನು ಓದಿದ ಪುಟಗಳಿಗಿಂತ ಇದು ಸ್ಪಷ್ಟವಾಗಿದೆ. (ಮೂರು ನಿರುಪದ್ರವಿ ಕಡತಗಳಿಗೆ ಸಹಿ ಪಡೆದು, ನಾಲ್ಕನೆಯದನ್ನು ಅದೇ ಉಸಿರಿನಲ್ಲಿ ಮುಂದಿಡುತ್ತಿದ್ದ ನಿಪುಣರನ್ನು ನಾನೂ ಕಂಡಿದ್ದೇನೆ.)

ಆದರೆ ಈ ಸರಪಳಿಯ ಮೌನ ಪಾಲುದಾರ ಆ ಕಾಲದ ಕೋಟು. ಪಕ್ಕದ ಜೇಬುಗಳಿರುವ, ತುಸು ಸಡಿಲವಾದ ಕೋಟು. ಅದರ ಜೊತೆಗೆ ನಿಂತು ಆಡುವ ಮೇಜು. ಟೀ ಶರ್ಟ್ ತೊಟ್ಟ ಹುಡುಗ ವರ್ನನ್ ಅವರನ್ನು ಅಕ್ಷರಶಃ ಅನುಸರಿಸಿದರೆ ವರ್ನನ್ ಅವರ ತತ್ತ್ವವನ್ನೇ ಮುರಿದಂತಾಗುತ್ತದೆ. ಇಂದಿನ ಬೋಧಕರಲ್ಲಿ ಕೆಲವರು ಒಂದಕ್ಷರವನ್ನೂ ಬದಲಿಸಬಾರದೆನ್ನುತ್ತಾರೆ. ಇನ್ನು ಕೆಲವರು ಇಡೀ ಆಟವನ್ನು ಬಿಡಿ ಚಲನೆಗಳಾಗಿ ಕತ್ತರಿಸಿ, ಒಂದೊಂದನ್ನು ಒಂದೊಂದು ನಿಮಿಷದ ವಿಡಿಯೊದಲ್ಲಿ ಬಡಿಸುತ್ತಾರೆ. ಮೊದಲನೆಯವರದು ಮಡಿ, ಎರಡನೆಯವರದು ಚಿಲ್ಲರೆ ವ್ಯಾಪಾರ. ನನಗೆ ಎರಡನೆಯದರ ಮೇಲೇ ಹೆಚ್ಚು ಸಿಟ್ಟು. ಮಡಿವಂತನ ಶಿಷ್ಯನಿಗೆ ಪೂರ್ಣ ಪಾಠವಾದರೂ ದಕ್ಕಿರುತ್ತದೆ. ಎಂದಾದರೂ ಅದರ ಕಾರಣ ಅವನಿಗೆ ಹೊಳೆದೀತು.

ಸ್ವತಃ ವರ್ನನ್ ಮಡಿವಂತರಾಗಿರಲಿಲ್ಲ. 1902ರಲ್ಲಿ ಅರ್ಡ್‌ನೇಸ್ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಇಸ್ಪೀಟಿನ ಗ್ರಂಥವನ್ನು ಬಾಲ್ಯದಲ್ಲೇ ಅರಗಿಸಿಕೊಂಡ ಅವರು, ಇಳಿವಯಸ್ಸಿನಲ್ಲಿ ಅದಕ್ಕೆ ತಮ್ಮದೇ ಟಿಪ್ಪಣಿಗಳನ್ನು ಬರೆದರು. ಬಟ್ಟಲಿನ ಆಟವೂ ಅವರ ಸೃಷ್ಟಿಯಲ್ಲ. ಒಂದನೆಯ ಶತಮಾನದ ರೋಮಿನ ಸೆನೆಕಾ ತನ್ನ ಪತ್ರವೊಂದರಲ್ಲಿ ಇದನ್ನು ಉಲ್ಲೇಖಿಸಿ, ಗುಟ್ಟು ತಿಳಿದರೆ ತನಗೆ ಮೋಜು ಉಳಿಯದೆಂದು ಬರೆದಿದ್ದಾನೆ. ದಾರ್ಶನಿಕನ ಮಾತನ್ನು ನಾನು ಒಪ್ಪಲಾರೆ. ಅಮೆರಿಕದ ಪೆನ್ ಮತ್ತು ಟೆಲ್ಲರ್ ಜೋಡಿ ಇದೇ ಆಟವನ್ನು ಪಾರದರ್ಶಕ ಪ್ಲಾಸ್ಟಿಕ್ ಲೋಟಗಳಲ್ಲಿ ಆಡಿ ತೋರಿಸಿತು. ಎಲ್ಲವೂ ಕಣ್ಣೆದುರೇ ನಡೆಯುತ್ತದೆ, ಆದರೂ ಕಣ್ಣು ಹಿಂದೆ ಬೀಳುತ್ತದೆ. ಗುಟ್ಟು ಹೋದ ಮೇಲೂ ಕೌಶಲ ಉಳಿಯಿತು.

ಮೊಮ್ಮಗನಿಗೆ ಇದನ್ನೆಲ್ಲ ಹೇಳುವ ಗೋಜಿಗೆ ನಾನು ಹೋಗಲಿಲ್ಲ. 'ಈ ಕೈ ಈಗ ಅಲ್ಲಿಗೆ ಯಾಕೆ ಹೋಯಿತು?' ಎಂದಷ್ಟೇ ಪ್ರತಿ ಬಾರಿಯೂ ಕೇಳಿದೆ. ಮೊದಲು ರೇಗಿದ. ಆಮೇಲೆ ಒಂದು ದಿನ ಮೇಜನ್ನು ಪಕ್ಕಕ್ಕೆ ತಳ್ಳಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಅಜ್ಜಿಯ ತರಕಾರಿ ಚೀಲವನ್ನು ತೊಡೆಯ ಬಳಿ ಇಟ್ಟುಕೊಂಡ. ಮಂತ್ರದಂಡ ಚೀಲದಲ್ಲಿರುತ್ತದೆ, ಬೇಕೆಂದಾಗ ತೆಗೆಯುತ್ತಾನೆ, ಮತ್ತೆ ಒಳಗಿಡುತ್ತಾನೆ. ನಮ್ಮ ಬೀದಿಯ ಜಾದೂಗಾರರು ಹಿಡಿಗುಬುಟಿರುವ ಬಟ್ಟಲುಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಹೀಗೆಯೇ ನೆಲದ ಮೇಲೆ ಕುಳಿತು, ಜೋಳಿಗೆಯನ್ನು ಬಳಿಯಿಟ್ಟು ಆಡುತ್ತಿದ್ದರೆಂಬುದು ಅವನಿಗೆ ತಿಳಿದಿರಲಿಲ್ಲ. ಕೋಟಿಲ್ಲದವರು ಕಂಡುಕೊಂಡಿದ್ದ ಪರಿಹಾರಕ್ಕೆ ಅವನು ತನ್ನ ದಾರಿಯಲ್ಲೇ ಬಂದು ಮುಟ್ಟಿದ್ದ.

ಆ ಸಂಜೆ ನಿಂಬೆಹಣ್ಣುಗಳು ಬಂದದ್ದು ಎಲ್ಲಿಂದ ಎಂದು ಗೊತ್ತಿದ್ದೂ ನಾನು ಬೆಚ್ಚಿದೆ. ಮಂತ್ರದಂಡವನ್ನು ತಿರುಗಿಸುತ್ತ ಚೆಂಡನ್ನು ಮಾಯ ಮಾಡುವ ವರ್ನನ್ ಅವರ ಆ ಒಂದು ವರಸೆ ಮಾತ್ರ ಅವನ ಕೈಗೆ ಇನ್ನೂ ಹತ್ತಿಲ್ಲ. ಅದನ್ನು ಬಿಟ್ಟುಬಿಡಲೇ ಎಂದು ಕೇಳುತ್ತಾನೆ. ಇನ್ನೊಂದು ತಿಂಗಳು ನೋಡು ಎಂದಿದ್ದೇನೆ.