‘ವೀವಾ ಮರಿಯಾ’: ನಗೆಚಿತ್ರವೊಂದು ಗಂಭೀರವಾದ ಬಗೆ

ಇಬ್ಬರು ಗಂಡಸರು ಬಂದೂಕು ಹಿಡಿದು, ಕುದುರೆಯೇರಿ, ಪರದೇಶದ ದಂಗೆಯೊಂದರಲ್ಲಿ ಸಿಲುಕುವ ಕಥೆ ಹಾಲಿವುಡ್‌ಗೆ ಹೊಸದಲ್ಲ. ಗ್ಯಾರಿ ಕೂಪರ್ ಮತ್ತು ಬರ್ಟ್ ಲ್ಯಾಂಕಾಸ್ಟರ್ ಅಭಿನಯದ ‘ವೆರಾ ಕ್ರೂಜ್’ (1954) ಅಂಥದೇ ಚಿತ್ರ. ಆ ಜೋಡಿಯ ಜಾಗದಲ್ಲಿ ಹೆಂಗಸರನ್ನು ನಿಲ್ಲಿಸಿದರೆ ಏನಾದೀತು? ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ 1965ರಲ್ಲಿ ತೆರೆಗೆ ತಂದ ‘ವೀವಾ ಮರಿಯಾ’ ಈ ಪ್ರಶ್ನೆಗೆ ಸಿಕ್ಕ ಉತ್ತರ. ಚಿತ್ರಕಥೆಯಲ್ಲಿ ಅವರ ಜೊತೆಗಾರರಾಗಿದ್ದವರು ಜ್ಯಾನ್ ಕ್ಲಾಡ್ ಕಾರಿಯೆ. ಮುಂದೆ ಪೀಟರ್ ಬ್ರೂಕ್ ಅವರ ರಂಗಭೂಮಿಗೆ ಮಹಾಭಾರತವನ್ನು ಅಳವಡಿಸಿದವರೂ ಇವರೇ.

ಇಪ್ಪತ್ತನೆಯ ಶತಮಾನದ ಆರಂಭಕಾಲ. ಮಧ್ಯ ಅಮೆರಿಕದ ಕಾಲ್ಪನಿಕ ದೇಶವೊಂದು. ಐರಿಷ್ ಅರಾಜಕತಾವಾದಿಯ ಮಗಳಿಗೆ ಬಾಲ್ಯದಿಂದಲೂ ಬಾಂಬ್ ಇಡುವುದೇ ಆಟ. ತಂದೆಯನ್ನು ಕಳೆದುಕೊಂಡು ಓಡಿಬಂದ ಆಕೆ (ಬ್ರಿಜಿತ್ ಬಾರ್ಡೋ) ಅಡಗಿಕೊಳ್ಳುವುದು ಸಂಚಾರಿ ಸರ್ಕಸ್ಸಿನ ಗಾಯಕಿಯ (ಜೀನ್ ಮೊರೊ) ಬಂಡಿಯಲ್ಲಿ. ಇಬ್ಬರ ಹೆಸರೂ ಮರಿಯಾ. ವೇದಿಕೆಯ ಮೇಲೆ ಆಕಸ್ಮಿಕವಾಗಿ ಉಡುಪು ಕಳಚಿ ಇವರು ಸ್ಟ್ರಿಪ್‌ಟೀಸ್ ಕಲೆಯನ್ನೇ ‘ಕಂಡುಹಿಡಿಯು’ತ್ತಾರೆ! ಕ್ರಾಂತಿಕಾರಿ ಫ್ಲೋರೆಸ್‌ನನ್ನು ಪ್ರೀತಿಸಿದ ಗಾಯಕಿ, ಸಾಯುವ ಮುನ್ನ ಆತನಿಗೆ ಕೊಟ್ಟ ಮಾತಿನಂತೆ ಹೋರಾಟವನ್ನು ಮುಂದುವರಿಸುತ್ತಾಳೆ. ರೈತರನ್ನು ಬಡಿದೆಬ್ಬಿಸಲು ಆಕೆ ಬಳಸುವುದು ಶೇಕ್ಸ್‌ಪಿಯರ್‌ನ ಮಾರ್ಕ್ ಆಂಟನಿಯ ಭಾಷಣವನ್ನು. ಅತ್ತ ಇವರನ್ನು ಹಿಂಸಿಸಲು ಪಾದ್ರಿಗಳು ತರುವ ಯಂತ್ರಗಳು ಎಷ್ಟು ಹಳೆಯವೆಂದರೆ, ಮುಟ್ಟಿದೊಡನೆ ಕಳಚಿ ಬೀಳುತ್ತವೆ.

ಹಾಸ್ಯದ ಬಿಗಿ ಎಲ್ಲೆಡೆಯೂ ಒಂದೇ ಸಮನಾಗಿಲ್ಲ ಎಂಬುದು ನಿಜ. ಆದರೂ ತಾರೆಯರ ಪೈಪೋಟಿಯನ್ನೇ ಎದುರುನೋಡಿದವರಿಗೆ ಇಲ್ಲಿ ಕಾಣುವುದು ಗೆಳೆತನ. ಒಬ್ಬಳಿಗೆ ಸ್ಫೋಟಕ ಗೊತ್ತು, ಇನ್ನೊಬ್ಬಳಿಗೆ ಮಾತು ಗೊತ್ತು. ಒಬ್ಬಳಿಲ್ಲದೆ ಇನ್ನೊಬ್ಬಳ ದಂಗೆ ನಡೆಯದು. ಮೊರೊ ಅವರಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂದದ್ದು ಈ ಪಾತ್ರಕ್ಕೇ.

ವಿಚಿತ್ರವೆಂದರೆ, ಈ ನಗೆಯನ್ನು ಬರಿಯ ನಗೆಯೆಂದು ಬಿಡಲು ಕೆಲವರು ಸಿದ್ಧರಿರಲಿಲ್ಲ. ಅಮೆರಿಕದ ಡಲ್ಲಾಸ್ ನಗರದ ಮಂಡಳಿ, ಚಿತ್ರವು 16 ವರ್ಷದೊಳಗಿನವರಿಗೆ ಯೋಗ್ಯವಲ್ಲ ಎಂದು ವರ್ಗೀಕರಿಸಿತು. ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಯಾವುದು ಅಯೋಗ್ಯ ಎಂಬುದನ್ನೇ ನಿಯಮ ಸ್ಪಷ್ಟಪಡಿಸಿಲ್ಲ ಎಂಬ ಕಾರಣಕ್ಕೆ 1968ರ ಏಪ್ರಿಲ್ 22ರಂದು ನ್ಯಾಯಾಲಯ ಆ ಕಾಯಿದೆಯನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಚಿತ್ರೋದ್ಯಮ ತನ್ನದೇ ಆದ ಶ್ರೇಣೀಕರಣ ವ್ಯವಸ್ಥೆಯನ್ನು ಜಾರಿಗೆ ತಂದಿತು.

ಪಶ್ಚಿಮ ಬರ್ಲಿನ್ನಿನ ಕಥೆ ಇದಕ್ಕಿಂತ ಕಹಿ. ಅಲ್ಲಿನ ಎಡಪಂಥೀಯ ಯುವಕರು 1966ರಲ್ಲಿ ತಮ್ಮ ಬಳಗಕ್ಕೆ ‘ವೀವಾ ಮರಿಯಾ’ ಎಂದೇ ಹೆಸರಿಟ್ಟುಕೊಂಡರು. ಅವರಲ್ಲಿ ಒಬ್ಬರು ವಿದ್ಯಾರ್ಥಿ ನಾಯಕ ರೂಡಿ ಡುಟ್ಷ್ಕೆ. ಇಬ್ಬರು ಮರಿಯಾಗಳಲ್ಲಿ ಅರಾಜಕತಾವಾದ ಮತ್ತು ಮಾರ್ಕ್ಸ್‌ವಾದ ಕೈಜೋಡಿಸುವುದನ್ನು ಈ ಬಳಗ ಕಂಡಿತ್ತು. ತೆರೆಯ ಮೇಲಿನ ಗುಂಡುಗಳು ಅಷ್ಟಾಗಿ ನೋಯಿಸುವುದಿಲ್ಲ. ಬರ್ಲಿನ್ನಿನ ಗುಂಡು ಹಾಗಿರಲಿಲ್ಲ. ಡಲ್ಲಾಸ್ ತೀರ್ಪಿಗೆ 11 ದಿನ ಮೊದಲು ಡುಟ್ಷ್ಕೆ ಅವರ ತಲೆಗೆ ಗುಂಡು ಹಾರಿಸಲಾಯಿತು. ಬದುಕಿ ಉಳಿದರೂ, ಆ ಗಾಯದ ಪರಿಣಾಮದಿಂದಲೇ ಅವರು 1979ರಲ್ಲಿ ತೀರಿಕೊಂಡರು.

ಲೂಯಿ ಮಾಲ್ ಆ ವರ್ಷದ ಆರಂಭದ ತಿಂಗಳುಗಳನ್ನು ಕಳೆದದ್ದು ಭಾರತದಲ್ಲಿ, ಸಾಕ್ಷ್ಯಚಿತ್ರಗಳ ಚಿತ್ರೀಕರಣದಲ್ಲಿ. ಫ್ರಾನ್ಸ್‌ಗೆ ಮರಳಿದಾಗ ಪ್ಯಾರಿಸ್ಸಿನ ಬೀದಿಗಳಲ್ಲಿ ವಿದ್ಯಾರ್ಥಿಗಳ ದಂಗೆ. ಮೇ ತಿಂಗಳಲ್ಲಿ ಅವರು ಕಾನ್ ಚಿತ್ರೋತ್ಸವದ ತೀರ್ಪುಗಾರರ ಮಂಡಳಿಗೆ ರಾಜೀನಾಮೆ ನೀಡಿದರು; ಉತ್ಸವ ಅರ್ಧಕ್ಕೇ ನಿಂತಿತು.