ಯಜಮಾನ ಎಂದರೆ ಯಾರು?

ಮನೆ ಬಾಗಿಲಿಗೆ ಬಂದವರು ಎದುರಿಗೆ ನಿಂತ ಹೆಂಗಸನ್ನು ಮೊದಲು ಕೇಳುವುದು ‘ಯಜಮಾನ್ರು ಇದ್ದಾರಾ?’ ಎಂದು. ಬಸ್ಸಿನಲ್ಲಿ ಗುರುತಿಲ್ಲದ ಹಿರಿಯರಿಗೆ ‘ಯಜಮಾನ್ರೇ, ಸ್ವಲ್ಪ ಸರೀರಿ’ ಎನ್ನುತ್ತೇವೆ. ಅಂಗಡಿಯ ಒಡೆಯ, ಯಕ್ಷಗಾನ ಮೇಳ ನಡೆಸುವವರು, ಕುಲದ ಮುಖಂಡ, ಕಟ್ಟಿಕೊಂಡ ಗಂಡ, ಎಲ್ಲರಿಗೂ ಇದೇ ಮಾತು. ಇವರನ್ನೆಲ್ಲ ಒಂದುಗೂಡಿಸುವುದು ಒಡೆತನವೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಪದದ ಬೇರಿನಲ್ಲಿರುವುದು ಒಡೆತನವಲ್ಲ, ಹೊಣೆ.

ಸಂಸ್ಕೃತದ ‘ಯಜ್’ ಧಾತುವಿನಿಂದ ಬಂದ ಪದವಿದು. ಪರರಿಗಾಗಿ ಯಾಗ ನಡೆಸಿಕೊಡುವ ಋತ್ವಿಜನ ಕೆಲಸಕ್ಕೆ ವ್ಯಾಕರಣ ‘ಯಜತಿ’ ಎನ್ನುತ್ತದೆ. ಫಲ ತನಗೆ ಸಲ್ಲಲೆಂದು ಯಾಗ ಮಾಡುವವನದು ‘ಯಜತೇ’. ಈ ಎರಡನೆಯವನೇ ಯಜಮಾನ. ತುಪ್ಪ, ಧಾನ್ಯ, ದಕ್ಷಿಣೆ ಎಲ್ಲವೂ ಅವನ ಖರ್ಚು. ಸೋಮಯಾಗದಲ್ಲಿ ದೀಕ್ಷೆ ತೊಟ್ಟು ವ್ರತದಲ್ಲಿರಬೇಕಾದವನೂ ಅವನೇ. ಆಹುತಿ ಬೆಂಕಿಗೆ ಬೀಳುವಾಗ ‘ಇದು ನನ್ನದಲ್ಲ’ ಎಂಬರ್ಥದ ಮಾತನ್ನು ಅವನೇ ಹೇಳಬೇಕು. ಪಕ್ಕದಲ್ಲಿ ಪತ್ನಿಯೂ ಇರಬೇಕು.

ಫಲ ಬಯಸಿ ಕೊಡುವವನದು ಎಂಥ ದೊಡ್ಡತನ, ಹಳೆಯ ವ್ಯುತ್ಪತ್ತಿಯಿಂದ ಇಂದಿನ ಅರ್ಥ ನಿರ್ಧಾರವಾಗುವುದೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಪದದ ಅರ್ಥ ತೀರ್ಮಾನವಾಗುವುದು ಆಡುವವರ ನಾಲಗೆಯಲ್ಲಿ. ಆ ನಾಲಗೆಯ ಸಾಕ್ಷಿಯೂ ಹೊಣೆಯ ಕಡೆಗೇ ಇದೆ. ದುಡಿಯದೆ, ಸಾಲ ತೀರಿಸದೆ, ಬರೀ ಅಪ್ಪಣೆ ಕೊಡುವವನನ್ನು ಜನ ‘ದೊಡ್ಡ ಯಜಮಾನಿಕೆ ಮಾಡ್ತಾನೆ’ ಎಂದು ಆಡಿಕೊಳ್ಳುತ್ತಾರೆ. ಹೊಣೆ ಕಳಚಿದ ಕೂಡಲೇ ಗೌರವದ ಪದವೇ ಬೈಗುಳವಾಗುತ್ತದೆ. ಗಂಡನ ಹೆಸರು ಹೇಳದಿರುವ ಸಂಪ್ರದಾಯದಲ್ಲಿ ‘ನಮ್ಮ ಯಜಮಾನ್ರು’ ಬರೀ ಮರ್ಯಾದೆಯ ಮಾತು ಎನ್ನುವವರೂ ಇದ್ದಾರೆ. ಆದರೆ ಆ ಮರ್ಯಾದೆ ಒಬ್ಬರಿಗೇ ಮೀಸಲಾದಾಗ, ಅದೇ ಸಂಸಾರದ ಅರ್ಧ ಭಾರ ಹೊತ್ತವಳು ಲೆಕ್ಕಕ್ಕೇ ಸಿಗುವುದಿಲ್ಲ.

ಕಾನೂನು ಈ ಲೆಕ್ಕವನ್ನು ತಿದ್ದತೊಡಗಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿನ ಮಟ್ಟಿಗೆ 18 ತುಂಬಿದ, ಮನೆಯ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ರೂಪಾಯಿ ಕೊಡುತ್ತಿರುವುದು ‘ಮನೆಯ ಯಜಮಾನಿ’ಗೆ. ಕಚೇರಿಯ ಕಾಗದ ಒಪ್ಪಿದ್ದನ್ನು ನಮ್ಮ ಬಾಯಿ ಇನ್ನೂ ಪೂರ್ತಿ ಒಪ್ಪಿಲ್ಲ. ಇನ್ನು ಮುಂದೆ ‘ಯಜಮಾನ್ರು ಇದ್ದಾರಾ?’ ಎಂದು ಕೇಳುವ ಮೊದಲು, ಬಾಗಿಲು ತೆರೆದು ಎದುರಿಗೆ ನಿಂತವರೇ ಆ ಮನೆಯ ಯಜಮಾನಿ ಇರಬಹುದೆಂದು ನೆನೆಯೋಣ.